ಗುಮ್ಮಟ ದೊಡ್ಡದಿರಲಿ, ನೀವು ಸಣ್ಣವರಾಗಿ

ಗೋಳಗುಮ್ಮಟದ ಅಂಗಳದಲ್ಲಿ ಯಾವ ಭಾನುವಾರ ನಿಂತು ನೋಡಿದರೂ ಇದೇ ನೋಟ. ಬೆನ್ನು ಕಟ್ಟಡದ ಕಡೆ, ಮುಖ ಫೋನಿನ ಕಡೆ, ಕೈ ಎಷ್ಟು ಚಾಚಲು ಬರುತ್ತದೋ ಅಷ್ಟೂ ಮುಂದಕ್ಕೆ. ಸಂಜೆ ಅದೇ ಚಿತ್ರ ವಾಟ್ಸಾಪ್ ಸ್ಟೇಟಸ್‌ಗೆ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಹಣೆ, ಮೂಗು, ಕೂಲಿಂಗ್ ಗ್ಲಾಸು. ಉಳಿದ ಜಾಗದಲ್ಲಿ, ಕಿವಿಯ ಬಗಲಿಗೆ, ಬೋಗುಣಿ ಬೋರಲು ಹಾಕಿದಂತೆ ಒಂದು ಬೂದು ಗುಮ್ಮಟ. ಹೊರಗಿನ ವ್ಯಾಸವೇ 44 ಮೀಟರ್ ಇರುವ ಗುಮ್ಮಟವನ್ನು ಕಿವಿಯ ಅಳತೆಗೆ ಇಳಿಸುವುದು ಸಣ್ಣ ಸಾಹಸವೇನಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ ಅಷ್ಟು ದೊಡ್ಡದನ್ನು ಕಟ್ಟಿಸಿದ್ದಂತೂ ಇದಕ್ಕಲ್ಲ.

ಒಬ್ಬರೇ ತಿರುಗಾಡುವವರು ಈಗ ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿನ ಚಿಂತೆಯೂ ಇಲ್ಲ. ರಜೆಯ ದಿನ ಬ್ಯಾಗು ಹೆಗಲಿಗೇರಿಸಿ ಒಬ್ಬಳೇ ವಿಜಯಪುರಕ್ಕೆ ಬಂದಿಳಿಯುವ ಕಾಲೇಜು ಹುಡುಗಿ ಇಂದು ಯಾರ ಕಣ್ಣಿಗೂ ವಿಶೇಷವಲ್ಲ. ಜೊತೆಗೆ ಯಾರೂ ಇಲ್ಲದವರ ಫೋಟೋ ತೆಗೆಯುವವರು ಯಾರು? ಎಲ್ಲರೂ ಕೈ ಚಾಚುವುದು ಇದಕ್ಕೇ. ಆದರೆ ಒಬ್ಬರೇ ಇದ್ದಾಗ ಒಳ್ಳೆಯ ಚಿತ್ರ ಬೇಕಿದ್ದರೆ ಮೊದಲು ಬಿಡಬೇಕಾದದ್ದು ಆ ಕೈಯನ್ನೇ. ಫೋನು ನಿಮ್ಮಿಂದ ದೂರ ಹೋಗಬೇಕು. ಉಳಿದ ಉಪಾಯಗಳೆಲ್ಲ ಅಲ್ಲಿಂದ ಮುಂದಿನವು.

ಕೈಯಳತೆಯ ಚಿತ್ರದಲ್ಲಿ ಮೂಗು ದೊಡ್ಡದಾಗಿ ಕಾಣುವುದು ನಿಮ್ಮ ಭ್ರಮೆಯಲ್ಲ. ಸುಮಾರು ಹನ್ನೆರಡು ಅಂಗುಲ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ಮೂಗು ಸರಿಮಾಡಿಕೊಡಿ ಎಂದು ಸೆಲ್ಫಿ ಹಿಡಿದುಕೊಂಡು ಪ್ಲಾಸ್ಟಿಕ್ ಸರ್ಜನ್ನರ ಬಳಿಗೆ ಬರುವವರು ಹೆಚ್ಚಾಗಿದ್ದರಿಂದ ಆ ಲೆಕ್ಕ ಬೇಕಾಯಿತು. ಕಾರಣ ಸರಳ. ಲೆನ್ಸಿಗೆ ಮೂಗು ಹತ್ತಿರ, ಕಿವಿ ದೂರ. ಅಷ್ಟು ಹತ್ತಿರದಿಂದ ನೋಡುವಾಗ ಆ ನಾಲ್ಕು ಅಂಗುಲದ ಅಂತರವೂ ದೊಡ್ಡದೇ. ಐದಾರು ಅಡಿ ಹಿಂದೆ ಸರಿದರೆ ಮೂಗು ತನ್ನ ಅಳತೆಗೆ ಮರಳುತ್ತದೆ. ಫಿಲ್ಟರಿಗೆ ಕೊಡುವ ಸಮಯವನ್ನು ಈ ಐದಾರು ಅಡಿಗೆ ಕೊಡುವುದು ವಾಸಿ.

ಇನ್ನು ಕಟ್ಟಡದ ಮಾತು. ಬಾಂಬೆ ಸರ್ಕಾರ 1855ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಫೋಟೋಗ್ರಾಫರ್ ಆಗಿ ನೇಮಿಸಿತ್ತು. ಆತ ಕಾಗದದ ನೆಗೆಟಿವ್‌ಗಳನ್ನು ಕಟ್ಟಿಕೊಂಡು ವಿಜಯಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಆ ಚಿತ್ರಗಳ ಒಂದು ಪಾಲು ‘ಆರ್ಕಿಟೆಕ್ಚರ್ ಅಟ್ ಬೀಜಾಪೂರ್’ ಎಂಬ ದೊಡ್ಡ ಪುಸ್ತಕವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ಆ ಕಾಲದ ಕಟ್ಟಡಗಳ ಚಿತ್ರಗಳಲ್ಲಿ ಒಂದು ವಾಡಿಕೆ ಕಾಣಸಿಗುತ್ತದೆ. ಎಲ್ಲೋ ಕಮಾನಿನ ಕೆಳಗೆ, ಮೆಟ್ಟಿಲ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿರುತ್ತಾರೆ, ಇಲ್ಲವೇ ಕೂರಿಸಿರುತ್ತಾರೆ. ಮುಖ ಗುರುತು ಸಿಗುವುದಿಲ್ಲ. ಆದರೆ ಆತ ಇರುವುದರಿಂದಲೇ ಕಮಾನಿನ ಎತ್ತರ ನಮಗೆ ತಿಳಿಯುತ್ತದೆ. ಗಜಕಡ್ಡಿಯ ಕೆಲಸವನ್ನು ಮನುಷ್ಯ ಮಾಡಿದ್ದ. ಒಬ್ಬರೇ ಪ್ರವಾಸ ಹೋದವರು ಆ ಮನುಷ್ಯನ ಜಾಗವನ್ನು ತಾವೇ ತೆಗೆದುಕೊಂಡರೆ ಚಿತ್ರ ಅರ್ಧ ಗೆದ್ದ ಹಾಗೆ.

ಎಷ್ಟು ದೂರ ನಿಲ್ಲಬೇಕು? ಗೋಳಗುಮ್ಮಟದ ಒಂದೊಂದು ಬದಿಯೂ 47.5 ಮೀಟರ್, ಎತ್ತರ ಐವತ್ತು ಮೀಟರಿಗೂ ಮಿಗಿಲು. ಫೋನನ್ನು ಅಡ್ಡ ಹಿಡಿದು, ಸಾಮಾನ್ಯ ಲೆನ್ಸಿನಲ್ಲೇ, ಕಟ್ಟಡವನ್ನು ವಾಲಿಸದೆ ಪೂರ್ತಿ ಹಿಡಿಯಬೇಕೆಂದರೆ ನೂರು ಮೀಟರಿನ ಹತ್ತಿರ ಹಿಂದೆ ಸರಿಯಬೇಕು. ನೀವೂ ಕಟ್ಟಡದ ಬುಡಕ್ಕೇ ಹೋಗಿ ನಿಂತರೆ ಇರುವೆಯಷ್ಟಾಗುತ್ತೀರಿ. ಅದೂ ಒಂದು ಬಗೆಯ ಚಿತ್ರವೇ, ಆದರೆ ಅವ್ವ ಮೊದಲು ಹುಡುಕುವುದು ಮಗಳ ಮುಖ. ಹಾಗಾಗಿ ಫೋನಿನಿಂದ ಆರು ಮೀಟರ್, ಅಂದರೆ ಎಂಟು ದೊಡ್ಡ ಹೆಜ್ಜೆ ದೂರದಲ್ಲಿ ನಿಲ್ಲಿ. ಆಗ ನಿಮ್ಮ ಎತ್ತರ ಚೌಕಟ್ಟಿನ ಕಾಲು ಭಾಗಕ್ಕಿಂತ ತುಸು ಹೆಚ್ಚಾಗುತ್ತದೆ. ಮುಖವೂ ತಿಳಿಯುತ್ತದೆ, ಹಿಂದಿನ ಗುಮ್ಮಟವೂ ತನ್ನ ಗಾತ್ರದಲ್ಲಿ ಉಳಿಯುತ್ತದೆ. ನಟ್ಟನಡುವೆ ನಿಂತು ಬಾಗಿಲನ್ನು ಮರೆಮಾಡಬೇಡಿ. ಎಡಕ್ಕೋ ಬಲಕ್ಕೋ ಸರಿಯಿರಿ. ಹಾಗೆಂದು 0.5 ಎಂದು ತೋರಿಸುವ ಅಗಲದ ಲೆನ್ಸು ಹಾಕಿ ತೀರಾ ಅಂಚಿಗೂ ಹೋಗಬೇಡಿ. ಅಂಚಿನಲ್ಲಿದ್ದವರ ತಲೆಯನ್ನು ಆ ಲೆನ್ಸು ಸೋರೆಕಾಯಿಯ ಹಾಗೆ ಎಳೆಯುತ್ತದೆ.

ಫೋನನ್ನು ಎಲ್ಲಿಡುವುದು ಎಂಬುದೇ ನಿಜವಾದ ತೊಡಕು. ಯೂಟ್ಯೂಬ್‌ನವರು ಟ್ರೈಪಾಡ್ ಕೊಳ್ಳಿ ಎಂದು ಹೇಳಿ ಮುಗಿಸುತ್ತಾರೆ. ವಿಜಯಪುರದಲ್ಲಿ ಅದು ಅಷ್ಟು ಸುಲಭವಲ್ಲ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ್ ಎಲ್ಲವೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳು. ಬರೀ ಫೋಟೋಕ್ಕೆ ತೊಂದರೆಯಿಲ್ಲ. 2018ರ ಜುಲೈನಲ್ಲಿ ಇಲಾಖೆಯೇ ಅಜಂತಾ, ಲೇಹ್ ಅರಮನೆ ಮತ್ತು ತಾಜಮಹಲಿನ ಒಳಗೋರಿಯನ್ನು ಬಿಟ್ಟು ಉಳಿದೆಡೆ ಸ್ಮಾರಕಗಳ ಒಳಗೂ ಚಿತ್ರ ತೆಗೆಯಲು ಬಿಟ್ಟಿತು. ಆದರೆ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ನಮ್ಮ ಜಿಲ್ಲೆ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರಿದ್ದು. ಒಂದು ಸ್ಟೇಟಸ್ಸಿಗಾಗಿ ಧಾರವಾಡಕ್ಕೆ ಅರ್ಜಿ ಬರೆಯುವವರು ಯಾರೂ ಇರಲಾರರು. ಡ್ರೋನ್ ಮಾತಂತೂ ಎತ್ತುವುದೇ ಬೇಡ.

ಹಾಗಾಗಿ ಕೈಯಲ್ಲಿರುವ ಸಾಮಾನಿನಲ್ಲೇ ಕೆಲಸ ಸಾಗಿಸಬೇಕು. ಬೆನ್ನಿನ ಬ್ಯಾಗನ್ನು ನಿಲ್ಲಿಸಿ ಅದರ ಮೇಲಿನ ಜಿಪ್ಪಿನ ಸಂದಿಯಲ್ಲಿ ಫೋನು ಸಿಕ್ಕಿಸಬಹುದು. ತುಂಬಿದ ನೀರಿನ ಬಾಟಲಿಗೆ ಆನಿಸಿ ರಬ್ಬರ್ ಬ್ಯಾಂಡ್ ಬಿಗಿಯಬಹುದು. ಹುಲ್ಲುಹಾಸಿನ ಅಂಚಿನ ಕಟ್ಟೆ, ಕುಳಿತುಕೊಳ್ಳುವ ಬೆಂಚು ಹೇಗೂ ಇರುತ್ತವೆ. ನೆಲಕ್ಕೇ ಇಟ್ಟು ಮುಖ ಮೇಲಕ್ಕೆತ್ತಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಬರುತ್ತದೆ, ಸೊಂಟದೆತ್ತರದ ಆಸರೆ ಸಿಕ್ಕರೆ ಒಳ್ಳೆಯದು. ಗೋರಿಯ ಮೇಲೆ, ಕೆತ್ತನೆಯ ಮೇಲೆ ಮಾತ್ರ ಫೋನು ಇಡಬೇಡಿ, ನೀವೂ ಏರಬೇಡಿ. ಅಲ್ಲಿ ಮಲಗಿದವರು ನಮ್ಮ ಫೋಟೋಕ್ಕೆ ಮಲಗಿದವರಲ್ಲ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಹಾಕಲು ಕಾನೂನೂ ಇದೆ.

ಫೋನಿಟ್ಟ ಮೇಲೆ ಹಿಂಬದಿಯ ಕ್ಯಾಮೆರಾವನ್ನೇ ಬಳಸಿ, ಮುಂಬದಿಗಿಂತ ಅದು ಯಾವತ್ತೂ ಒಂದು ಕೈ ಮೇಲು. ಪರದೆ ಕಾಣುವುದಿಲ್ಲವಲ್ಲ ಎನ್ನುತ್ತೀರಾ? ನೀವು ನಿಲ್ಲುವ ಜಾಗದಲ್ಲಿ ಮೊದಲು ಒಂದು ಬಾಟಲಿ ಇಟ್ಟು ಬನ್ನಿ. ಪರದೆಯಲ್ಲಿ ಅದರ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ಬೀಗ ಹಾಕಿದ ಹಾಗೆ ನಿಲ್ಲುತ್ತವೆ. ಆಮೇಲೆ ಹತ್ತು ಸೆಕೆಂಡಿನ ಟೈಮರ್ ಹಚ್ಚಿ ನಡೆಯಿರಿ. ಓಡಬೇಕಿಲ್ಲ, ಆರು ಮೀಟರಿಗೆ ಐದು ಸೆಕೆಂಡು ಸಾಕು, ಉಸಿರು ಬಿಟ್ಟು ಹೆಗಲು ಇಳಿಸಲು ಇನ್ನೂ ಐದು ಉಳಿಯುತ್ತವೆ. ಬಾಟಲಿ ಎತ್ತಿಕೊಳ್ಳುವುದನ್ನು ಮರೆಯಬೇಡಿ.

ಇದೇನು ಹೊಸ ವಿದ್ಯೆಯಲ್ಲ. ಫಿಲಡೆಲ್ಫಿಯಾದ ದೀಪದ ವ್ಯಾಪಾರಿಯೊಬ್ಬನ ಮಗ ರಾಬರ್ಟ್ ಕಾರ್ನೇಲಿಯಸ್ 1839ರಲ್ಲಿ ಅಪ್ಪನ ಅಂಗಡಿಯ ಹಿಂದೆ ಕ್ಯಾಮೆರಾ ನಿಲ್ಲಿಸಿ, ಲೆನ್ಸಿನ ಮುಚ್ಚಳ ತೆಗೆದು, ಓಡಿಬಂದು ಎದುರಿಗೆ ಕುಳಿತ. ಮಿಸುಕದೆ ಒಂದು ನಿಮಿಷ ಕುಳಿತು, ಎದ್ದು ಹೋಗಿ ಮತ್ತೆ ಮುಚ್ಚಳ ಹಾಕಿದ. ತಲೆಗೂದಲು ಕೆದರಿದೆ, ಕೈ ಕಟ್ಟಿಕೊಂಡಿದ್ದಾನೆ, ಚೌಕಟ್ಟಿನ ನಡುವಿನಲ್ಲೂ ಇಲ್ಲ. ಆದರೂ ಇಂದಿಗೂ ಜಗತ್ತು ಆ ಚಿತ್ರವನ್ನು ಇಷ್ಟಪಟ್ಟು ನೋಡುತ್ತದೆ, ಏಕೆಂದರೆ ಆತ ಚೆಂದ ಕಾಣಲು ಹೋಗಿಲ್ಲ, ಬರುತ್ತದೋ ಇಲ್ಲವೋ ನೋಡೋಣ ಎಂದು ಕುಳಿತಿದ್ದಾನೆ. ನಮ್ಮ ಚಿತ್ರಗಳಲ್ಲಿ ಕಾಣೆಯಾಗಿರುವುದು ಆ ಸಹಜತೆಯೇ. ಟೈಮರ್ ಮುಗಿಯುವಾಗ ಉಸಿರು ಬಿಗಿಹಿಡಿದು ನಕ್ಕರೆ ಆಧಾರ್ ಕಾರ್ಡಿನ ಮುಖ ಬರುತ್ತದೆ. ಏನಾದರೂ ಮಾಡುತ್ತಿರಿ, ನಡೆಯಿರಿ, ಸೆರಗು ಸರಿಮಾಡಿಕೊಳ್ಳಿ, ಗುಮ್ಮಟದ ಕಡೆ ತಿರುಗಿ ನೋಡಿ. ಅದಕ್ಕೂ ಸಂಕೋಚವೆನಿಸಿದರೆ ವಿಡಿಯೋ ಹಚ್ಚಿಟ್ಟು ಒಂದು ನಿಮಿಷ ಅತ್ತಿತ್ತ ಅಡ್ಡಾಡಿ. 4ಕೆ ವಿಡಿಯೋದ ಒಂದೊಂದು ಚೌಕಟ್ಟೂ ಎಂಟು ಮೆಗಾಪಿಕ್ಸೆಲ್ಲಿನ ಚಿತ್ರ. ಚೆನ್ನಾಗಿ ಬಂದ ಚೌಕಟ್ಟನ್ನು ಆರಿಸಿ ಚಿತ್ರವಾಗಿ ಉಳಿಸಿಕೊಂಡರಾಯಿತು.

ಬೆಳಕಿನ ವಿಷಯದಲ್ಲಿ ಊರು ತಿಳಿದವರಿಗೆ ಅನುಕೂಲ ಹೆಚ್ಚು. ಗೋಳಗುಮ್ಮಟದ ಮುಂಬಾಗಿಲು ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ತೆಂಕಣ ಬದಿಯಲ್ಲೇ ಸಾಗುವುದರಿಂದ ಆ ಮುಖಕ್ಕೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಬಂದು, ಆಮೇಲೆ ಆಗಸ್ಟ್ ಮೊದಲ ವಾರದವರೆಗೂ ಉತ್ತರಕ್ಕೆ ಸರಿದಿರುತ್ತಾನೆ. ಆಗ ನಡುಹಗಲಲ್ಲಿ ಹೋದರೆ ಕಟ್ಟಡದ ಮುಖಕ್ಕೂ ನೆರಳು, ನಿಮ್ಮ ಕಣ್ಣಿನ ಗುಳಿಗೂ ನೆರಳು. ಆ ಬಿಸಿಲಿಗೆ ಫೋನೇ ಕಾದು, ಕ್ಯಾಮೆರಾ ನಡೆಯುವುದಿಲ್ಲವೆಂದು ಮುಷ್ಕರ ಹೂಡುವುದೂ ಉಂಟು. ಬೇಸಿಗೆಯಲ್ಲಿ ಬರುವವರು ಬೆಳಗ್ಗೆ ಆರಕ್ಕೆ ಗೇಟು ತೆಗೆಯುವ ಹೊತ್ತಿಗೇ ಅಲ್ಲಿರಬೇಕು. ಜನ ಕಡಿಮೆ, ಬೆಳಕು ಮೆತ್ತಗೆ, ಸೆಕ್ಯುರಿಟಿಯವರಿಗೂ ಇನ್ನೂ ಬೇಸರ ಬಂದಿರುವುದಿಲ್ಲ.

ಇಬ್ರಾಹಿಂ ರೋಜಾ ಇನ್ನೂ ಸೊಗಸು. ಇಟ್ಟಂಗಿಹಾಳ, ಟಿಕೋಟಾ ಕಡೆಯಿಂದ ಬರುವವರಿಗೆ ಊರ ಪಡುವಣ ಬದಿಯಲ್ಲಿರುವ ಅದೇ ಹತ್ತಿರ. ಮಲಿಕ್ ಸಂದಲ್ ಕಟ್ಟಿದ ಈ ರೋಜಾದಲ್ಲಿ ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ. ಬೆಳಗಿನ ಬಿಸಿಲು ಮಸೀದಿಯ ಮುಖಕ್ಕೆ ಬೀಳುತ್ತದೆ, ಸಂಜೆಯದು ಗೋರಿಯ ಮುಖಕ್ಕೆ. ಒಂದೇ ಜಾಗದಲ್ಲಿ ನಿಂತು ಬೆನ್ನು ಬದಲಿಸಿದರೆ ಸಾಕು, ಎರಡು ಹೊತ್ತಿಗೆ ಎರಡು ಚಿತ್ರ. ಕಲ್ಲು ಕಂದು ಬಣ್ಣದ್ದು, ಅದರ ಮುಂದೆ ಬೂದಿ, ಕಾಫಿ ಬಣ್ಣದ ಬಟ್ಟೆ ಕರಗಿಹೋಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗನ್ನು ಆ ಕಲ್ಲಿಗೆಂದೇ ನೇಯ್ದಂತಿರುತ್ತದೆ.

ಬಾರಾಕಮಾನ್‌ನಲ್ಲಿ ಲೆಕ್ಕ ತಿರುವುಮುರುವು. ಎರಡನೆಯ ಅಲಿ ಆದಿಲ್ ಶಾಹನ ಆ ಗೋರಿ ಮುಗಿಯಲೇ ಇಲ್ಲ, ಚಾವಣಿಯಿಲ್ಲದ ಕರಿಕಲ್ಲಿನ ಕಮಾನುಗಳ ಹಿಂದೆ ಬರೀ ಆಕಾಶ. ಅಲ್ಲಿ ಮುಖ ಬೆಳಗಿಸಲು ಹೋದರೆ ಆಕಾಶ ಸುಣ್ಣ ಬಳಿದಂತಾಗುತ್ತದೆ. ಸಂಜೆಯ ಹೊತ್ತು ಸೂರ್ಯ ಕಮಾನಿನ ಹಿಂದೆ ಬರುವಂತೆ ಫೋನಿಟ್ಟು, ಆಕಾಶದ ಮೇಲೆ ಬೆರಳೊತ್ತಿ, ನೀವು ಕಮಾನಿನ ನಡುವೆ ಒಂದು ಬದಿಗೆ ತಿರುಗಿ ನಿಲ್ಲಿ. ಕಮಾನೂ ಕಪ್ಪು, ನೀವೂ ಕಪ್ಪು. ಮೂಗಿನ ಗೆರೆ, ಜಡೆಯ ಗೆರೆ ಕತ್ತರಿಸಿಟ್ಟಂತೆ ಬರುತ್ತದೆ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಕೊರಗುವವರು ಮೊದಲು ಈ ಚಿತ್ರ ತೆಗೆದುಕೊಳ್ಳಲಿ.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬೆಳಕು ಕಡಿಮೆ. ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುವುದರಿಂದ ಫೋನೂ ಅಲುಗಬಾರದು, ನೀವೂ ಅಲುಗಬಾರದು. ಬಾಗಿಲಿನ ಬೆಳಕು ಮುಖದ ಒಂದು ಬದಿಗೆ ಬೀಳುವಂತೆ ನಿಂತರೆ ಸಾಕು, ಫ್ಲ್ಯಾಶು ಬೇಡ. ಕೆಲವು ಫೋನುಗಳಲ್ಲಿ ‘ಚೀಸ್’ ಎಂದು ಕೂಗಿದರೆ ಚಿತ್ರ ತೆಗೆಯುವ ಸೌಲಭ್ಯವಿದೆ. ಈ ಗ್ಯಾಲರಿಯಲ್ಲಿ ಅದನ್ನು ಬಳಸಬೇಡಿ. ಇಲ್ಲಿ ಪಿಸುಮಾತೂ ಆಚೆ ಗೋಡೆಗೆ ಮುಟ್ಟುತ್ತದೆ, ಎದುರಿನವರ ಫೋನು ನಿಮ್ಮ ಮಾತು ಕೇಳಿ ಅವರದೇ ಚಿತ್ರ ತೆಗೆದೀತು.

ಇಷ್ಟೆಲ್ಲ ಹೇಳಿದರೂ, ಬಯಲುಸೀಮೆಯ ನಮ್ಮ ಕಡೆ ಎಲ್ಲಕ್ಕಿಂತ ಒಳ್ಳೆಯ ಟ್ರೈಪಾಡ್ ಎಂದರೆ ಮನುಷ್ಯ. ಕೇಳಿದರೆ ಒಲ್ಲೆನ್ನುವವರು ಇಲ್ಲಿ ಅಪರೂಪ. ದೂರು ಇರುವುದು ಅವರು ತೆಗೆದ ಚಿತ್ರದ ಬಗ್ಗೆ: ಕಾಲು ಕತ್ತರಿಸಿರುತ್ತದೆ, ಗುಮ್ಮಟದ ತುದಿ ಹೋಗಿರುತ್ತದೆ, ಉಪಕಾರ ಮಾಡಲೆಂದು ಜೂಮ್ ಹಾಕಿ ಬರೀ ಮುಖ ಹಿಡಿದಿರುತ್ತಾರೆ. ತಪ್ಪು ಅವರದಲ್ಲ, ಏನು ಬೇಕೆಂದು ನಾವು ಹೇಳಿರುವುದಿಲ್ಲ. ಮೊದಲು ನೀವೇ ಚೌಕಟ್ಟು ನೋಡಿ, ಒಂದು ಖಾಲಿ ಚಿತ್ರ ತೆಗೆದು ಅವರಿಗೆ ತೋರಿಸಿ, ಆಮೇಲೆ ಫೋನು ಕೈಗೆ ಕೊಡಿ.

“ಅಣ್ಣಾರ, ಇದರಾಂಗ ಒಂದ್ ಫೋಟೋ ಹೊಡೀತೀರೇನ್ರಿ? ಕಾಲೂ ಬರ್ಲಿ, ಮ್ಯಾಲಿನ ತುದೀನೂ ಬರ್ಲಿ.”

“ಎಷ್ಟ್ ಹೊಡೀಲಿ ತಂಗಿ?”

“ಬ್ಯಾಸರಾಗೂತನಾ ಹೊಡೀರಿ.”

ಈ ಕೊನೆಯ ಮಾತು ಮುಖ್ಯ. ಒಂದೇ ಚಿತ್ರ ತೆಗೆದರೆ ಕಣ್ಣು ಮುಚ್ಚಿರುತ್ತದೆ, ಹತ್ತು ತೆಗೆದರೆ ಒಂದಾದರೂ ಉಳಿಯುತ್ತದೆ. ಯಾರನ್ನು ಕೇಳಬೇಕೆಂಬುದಕ್ಕೂ ಒಂದು ಜಾಣತನವಿದೆ. ಮಕ್ಕಳುಮರಿ, ಬುತ್ತಿಗಂಟು ಸಮೇತ ಬಂದ ಕುಟುಂಬವನ್ನು ನೋಡಿ. ಅವರಲ್ಲೂ ಫೋಟೋ ತೆಗೆಯಲು ಹೋಗಿ ಚಿತ್ರದಿಂದ ಹೊರಗುಳಿದ ಅಪ್ಪನೋ ಕಾಕಾನೋ ಒಬ್ಬರು ಇದ್ದೇ ಇರುತ್ತಾರೆ. “ಕಾಕಾರ, ನೀವೂ ನಿಂದರ್ರಿ, ನಾ ತಗೀತೀನಿ” ಎಂದು ಮೊದಲು ಅವರದನ್ನು ತೆಗೆದುಕೊಡಿ. ಆಮೇಲೆ ನಿಮ್ಮದನ್ನು ಅವರು ಮನಸ್ಸಿಟ್ಟು ತೆಗೆಯುತ್ತಾರೆ, ಕೆಲವರು ರೊಟ್ಟಿ ಉಂಡೇ ಹೋಗು ಎನ್ನುತ್ತಾರೆ.

ಪ್ರವಾಸ ಎಂದರೆ ಗುಮ್ಮಟಗಳು ಮಾತ್ರ ಅಲ್ಲ. ಇಟ್ಟಂಗಿಹಾಳದಿಂದ ಟಿಕೋಟಾ, ಬಬಲೇಶ್ವರದ ಕಡೆ ಬೈಕು ತಿರುಗಿಸಿದರೆ ದಾರಿಯುದ್ದಕ್ಕೂ ದ್ರಾಕ್ಷಿ ಪಡಗಳು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಶೆಡ್‌ಗಳಲ್ಲಿ ಒಣದ್ರಾಕ್ಷಿಯ ಕೆಲಸ ಜೋರು. ಹಣ್ಣನ್ನು ಔಷಧ ಬೆರೆಸಿದ ನೀರಿನಲ್ಲಿ ಅದ್ದಿ, ಬಲೆಯ ಅಂತಸ್ತುಗಳ ಮೇಲೆ ಹರವಿ ಒಣಗಿಸುತ್ತಾರೆ. ಶೆಡ್ಡಿನ ಸುತ್ತ ಕಟ್ಟಿದ ನೆಟ್ಟು ಬಿಸಿಲನ್ನು ಸೋಸಿ ಒಳಗೆ ಬಿಡುವುದರಿಂದ ಅಲ್ಲಿಯ ಬೆಳಕು ಸ್ಟುಡಿಯೋದವರು ದುಡ್ಡು ಕೊಟ್ಟು ಮಾಡಿಸಿಕೊಳ್ಳುವಂಥದ್ದು. ಮುಖದ ಮೇಲೆ ಒಂದು ಗಟ್ಟಿ ನೆರಳೂ ಬೀಳುವುದಿಲ್ಲ. ಆದರೆ ಅದು ರೈತನ ವರ್ಷದ ದುಡಿಮೆ. ಕೇಳದೆ ಒಳಗೆ ಹೋಗುವುದು, ಗೊನೆ ಕಿತ್ತು ಬಾಯಿಗಿಟ್ಟುಕೊಂಡು ಪೋಸು ಕೊಡುವುದು ಸಲ್ಲದು. ಸೂರ್ಯಕಾಂತಿ ಹೊಲಕ್ಕೂ ಇದೇ ಮಾತು. ಗುಂಡ್ಲುಪೇಟೆಯ ಕಡೆ ಹೊಲದೊಳಗೆ ನಿಂತು ಫೋಟೋ ತೆಗೆಯುವವರಿಂದ ರೈತರು ಹಣ ಪಡೆಯುತ್ತಾರೆ, ಅದು ನ್ಯಾಯವೇ. ತುಳಿದ ಗಿಡಕ್ಕೆ ಲೈಕ್‌ನಿಂದ ಗೊಬ್ಬರ ಬೀಳುವುದಿಲ್ಲ. ಬದುವಿನ ಮೇಲೆ ನಿಂತರೂ ಹೂವು ಹಿಂದೆ ಬಂದೇ ಬರುತ್ತದೆ, ಫೋನನ್ನು ತುಸು ಕೆಳಗಿಟ್ಟರೆ ಹೊಲದ ನಡುವೆಯೇ ನಿಂತಂತೆ ಕಾಣುತ್ತದೆ.

ಮುಖ ತೋರಿಸಲು ಮನಸ್ಸಿಲ್ಲದವರಿಗೂ ದಾರಿಯಿದೆ. ಅಮೆರಿಕದಲ್ಲಿ ಮಕ್ಕಳ ಆಯಾ ಆಗಿ ದುಡಿದ ವಿವಿಯನ್ ಮೇಯರ್ ಎಂಬಾಕೆ ಬೀದಿಬೀದಿ ಅಲೆದು ಚಿತ್ರ ತೆಗೆಯುತ್ತಿದ್ದಳು. ಅಂಗಡಿಯ ಗಾಜು, ಕನ್ನಡಿ, ಕೊನೆಗೆ ನೆಲದ ಮೇಲೆ ಬಿದ್ದ ತನ್ನದೇ ನೆರಳು, ಎಲ್ಲದರಲ್ಲೂ ತನ್ನನ್ನು ಹಿಡಿದಳು. ಆ ಚಿತ್ರಗಳು ಜಗತ್ತಿಗೆ ತಿಳಿದದ್ದು 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಾದ ಮೇಲೆ. ಸಂಜೆ ನಮ್ಮ ಎರೆಹೊಲದ ಮೇಲೆ ಬೀಳುವ ಉದ್ದನೆಯ ನೆರಳಿಗೆ ಟೈಮರೂ ಬೇಡ, ಬ್ಯಾಗೂ ಬೇಡ.

ಅಪಾಯದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. 2011ರಿಂದ 2017ರವರೆಗೆ ಸೆಲ್ಫಿ ತೆಗೆಯುವಾಗ ಜಗತ್ತಿನಲ್ಲಿ ಸತ್ತವರ ಸುದ್ದಿಗಳನ್ನು ದೆಹಲಿಯ ಏಮ್ಸ್ ವೈದ್ಯರು ಕಲೆಹಾಕಿದಾಗ ಸಿಕ್ಕ ಸಾವುಗಳು 259. ಅದರಲ್ಲಿ 159 ಭಾರತದವು. ನೀರಿಗೆ ಬಿದ್ದವರು ಹೆಚ್ಚು. ಆಮೇಲೆ ರೈಲಿನಂಥ ವಾಹನಕ್ಕೆ ಸಿಕ್ಕವರು, ಎತ್ತರದಿಂದ ಬಿದ್ದವರು. ಬಾವಿಯ ಮೆಟ್ಟಿಲು, ಉಪ್ಲಿ ಬುರುಜಿನ ಹೊರಬದಿಯ ಮೆಟ್ಟಿಲು, ಆಲಮಟ್ಟಿಯ ಹಿನ್ನೀರಿನ ಅಂಚು, ಇಲ್ಲೆಲ್ಲ ಪರದೆ ನೋಡುತ್ತ ಹಿಂದೆ ಹಿಂದೆ ಹೆಜ್ಜೆಯಿಡುವುದಕ್ಕೆ ಯಾವ ಚಿತ್ರವೂ ತಕ್ಕ ಬೆಲೆಯಲ್ಲ. ಜೊತೆಗಾರರಿದ್ದರೆ ರಟ್ಟೆ ಹಿಡಿದು ಎಳೆಯುತ್ತಾರೆ, ಒಬ್ಬರೇ ಹೋದವರಿಗೆ ಆ ಕೈ ಇರುವುದಿಲ್ಲ. ಫೋನನ್ನು ದೂರವಿಟ್ಟು ಟೈಮರ್ ಹಚ್ಚುವುದರಲ್ಲಿ ಈ ಲಾಭವೂ ಇದೆ. ನಿಲ್ಲುವ ಜಾಗವನ್ನು ಮೊದಲೇ ನೋಡಿ ನಿಂತಿರುತ್ತೀರಿ.

ಒಬ್ಬರೇ ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಚಿತ್ರವನ್ನು ಅಲ್ಲಿಂದಲೇ ಸ್ಟೇಟಸ್‌ಗೆ ಹಾಕಬೇಡಿ. ಈಗ ಇಂಥ ಕಡೆ ಒಬ್ಬಳೇ ಇದ್ದೇನೆ ಎಂದು ಗುರುತಿಲ್ಲದವರಿಗೂ ಸಾರಿದಂತಾಗುತ್ತದೆ. ಊರು ಮುಟ್ಟಿದ ಮೇಲೆ ಹಾಕಿದರೂ ಲೈಕ್‌ಗಳೇನು ಕಡಿಮೆಯಾಗುವುದಿಲ್ಲ. ಎಲ್ಲಿದ್ದೀರೆಂದು ಆ ಹೊತ್ತಿಗೆ ತಿಳಿದಿರಬೇಕಾದದ್ದು ಮನೆಯ ಒಬ್ಬರಿಗೆ. ಹೊರಡುವಾಗ ಅವರಿಗೆ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಚ್ಚಿಡಿ. ಅದು ಎಂಟು ತಾಸಿನವರೆಗೆ ನಡೆಯುತ್ತದೆ, ವಿಜಯಪುರ ಒಂದು ಸುತ್ತು ಹಾಕಿ ಬರಲು ಅಷ್ಟು ಸಾಕು.